ಹೆಸರು ಕೆತ್ತಿದ ಪೆನ್ನು

“ಹೆಸರು ಕೆತ್ತಿಸಿಬಿಟ್ಟಿದ್ದಾರಲ್ಲ ಮೇಡಂ” ಎಂದರು ಅವರು.

ಇಂದಿರಾನಗರದ ನೂರಡಿ ರಸ್ತೆಯ ಕಾಫಿ ಅಂಗಡಿಯೊಂದರಲ್ಲಿ ಕೂತಿದ್ದೆವು. ಮೊಬೈಲಿನ ಟಾರ್ಚ್ ಹಾಕಿ, ಜೇಬಿನಿಂದ ತೆಗೆದ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಅಪ್ಪನ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಜಪಾನಿನ ಪೈಲಟ್ ಕಂಪನಿಯ ರೋಲರ್‌ಬಾಲ್. ಕಪ್ಪು ಅರಗಿನ ಮೆರುಗಿನ ಒಡಲು, ಮುಚ್ಚಳದ ಅಂಚಿಗೆ ಚಿನ್ನದ ಬಣ್ಣದ ಪಟ್ಟಿ. ಆ ಪಟ್ಟಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕನ್ನಡದಲ್ಲಿ ಅಪ್ಪನ ಹೆಸರು, ಪಕ್ಕದಲ್ಲಿ 2005.

“ಬಾಕ್ಸ್ ಇದೆ, ಪೇಪರ್ ಇದೆ, ಬಾಡಿ ಮೇಲೆ ಒಂದು ಗೀರಿಲ್ಲ. ಹೆಸರಿಲ್ಲದಿದ್ದರೆ ಹದಿನೆಂಟು ಸಾವಿರ ಕೊಡುತ್ತಿದ್ದೆ. ಹೀಗಿರುವುದಕ್ಕೆ ಒಂಬತ್ತು.”

ನನ್ನ ಫೆಲೋಶಿಪ್ ಹಣ ಬಂದು ಐದು ತಿಂಗಳಾಗಿತ್ತು. ಕೆ.ಆರ್. ಪುರದ ಬಾಡಿಗೆ ಮನೆಯಲ್ಲಿ ನಾನು, ಅಮ್ಮ. ಅಪ್ಪ ತೀರಿಹೋಗಿ ಎರಡು ವರ್ಷ. ಒಂಬತ್ತು ಸಾವಿರ ಎಂದರೆ ಒಂದು ತಿಂಗಳ ಬಾಡಿಗೆಗೆ ಸ್ವಲ್ಪ ಕಡಿಮೆ, ಹದಿನೆಂಟು ಎಂದರೆ ಎರಡು ತಿಂಗಳಿಗೆ ಹತ್ತಿರ ಹತ್ತಿರ. ಆ ವ್ಯತ್ಯಾಸ ಅಪ್ಪನ ಹೆಸರಿನದು. ಯೋಚಿಸಿ ಹೇಳುತ್ತೇನೆ ಎಂದು ಪೆನ್ನನ್ನು ಡಬ್ಬದಲ್ಲಿಟ್ಟುಕೊಂಡು ಮೆಟ್ರೋ ಹತ್ತಿದೆ.

ನಾನು ಸಂಶೋಧನೆ ಮಾಡುತ್ತಿರುವುದು ಎರಡು ಮಹಾಯುದ್ಧಗಳ ನಡುವಿನ ಬೆಂಗಳೂರು ದಂಡು ಪ್ರದೇಶದ ಬಜಾರುಗಳ ಬಗ್ಗೆ. ಸರಕು ಎಲ್ಲಿಂದ ಬಂತು, ಯಾರ ಕೈ ದಾಟಿ ಎಲ್ಲಿಗೆ ಹೋಯಿತು ಎಂದು ಹುಡುಕುವುದೇ ಕೆಲಸ. ಆದರೆ ನಮ್ಮ ಮನೆಯ ಬೀರುವಿನಲ್ಲಿದ್ದ ಸರಕಿನ ಬಗ್ಗೆ ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಜಪಾನಿನ ಪೆನ್ನೊಂದಕ್ಕೆ ಇಂದಿರಾನಗರದಲ್ಲಿ ಇಷ್ಟು ಬೆಲೆ ಹೇಗೆ ಬಂತು, ಮತ್ತು ಅದರ ಮೇಲಿನ ಹೆಸರಿಗೆ ಯಾಕೆ ಬೆಲೆ ಕಳೆಯಿತು? ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಬರೆದದ್ದು ಈ ಲೇಖನ.

ಮೊದಲು ಪೆನ್ನಿನ ವಿಚಾರ. ನಮ್ಮಲ್ಲಿ ಶಾಯಿ ಪೆನ್ನು, ಬಾಲ್ ಪೆನ್ನು ಎಂಬ ಎರಡೇ ಜಾತಿ ಬಹಳ ಕಾಲ ಇದ್ದದ್ದು. ಶಾಯಿ ಪೆನ್ನಿನಲ್ಲಿ ನೀರಿನಂಥ ಶಾಯಿ ಸೀಳು ನಿಬ್ಬಿನ ಮೂಲಕ ಇಳಿಯುತ್ತದೆ. ಬಾಲ್ ಪೆನ್ನಿನಲ್ಲಿ ಎಣ್ಣೆ ಬೆರೆತ ಗಟ್ಟಿ ಶಾಯಿಯನ್ನು ಪುಟ್ಟ ಗುಂಡು ಉರುಳುತ್ತಾ ಕಾಗದಕ್ಕೆ ಬಳಿಯುತ್ತದೆ. ಹಂಗೆರಿಯ ಪತ್ರಕರ್ತ ಲಾಸ್ಲೊ ಬಿರೊ 1938ರಲ್ಲಿ ಇದಕ್ಕೆ ಪೇಟೆಂಟ್ ಪಡೆದು, ಮುಂದೆ ಅರ್ಜೆಂಟೀನಾಕ್ಕೆ ವಲಸೆ ಹೋಗಿ ಅದನ್ನು ಬೆಳೆಸಿದ. ಇದರಲ್ಲಿ ಶಾಯಿ ಚೆಲ್ಲುವುದಿಲ್ಲ, ಆದರೆ ಒತ್ತಿ ಬರೆಯಬೇಕು. ಮೂರು ಗಂಟೆ ಪರೀಕ್ಷೆ ಬರೆದವರ ಬೆರಳಿಗೆ ಅದು ಗೊತ್ತು.

ಈ ಎರಡನ್ನೂ ಕೂಡಿಸಿದ್ದು ಜಪಾನೀಯರು. ಗುಂಡು ಬಾಲ್ ಪೆನ್ನಿನದು, ಶಾಯಿ ಮಾತ್ರ ನೀರಿನದು. 1960ರ ದಶಕದಲ್ಲಿ ಓಟೊ ಎಂಬ ಕಂಪನಿ ಇದನ್ನು ಮೊದಲು ಮಾಡಿತು. 1970ರ ದಶಕದಲ್ಲಿ ಪೆಂಟೆಲ್ ಕಂಪನಿ ಇದನ್ನು ಅಗ್ಗದ ದಿನಬಳಕೆಯ ಪೆನ್ನಾಗಿಸಿತು. ಕೇಳಲು ಸುಲಭ, ಮಾಡಲು ಕಷ್ಟ. ನೀರಿನ ಶಾಯಿ ಗುಂಡಿನ ಸುತ್ತಲಿನ ಸಂದಿಯಿಂದ ಸುರಿದುಹೋಗಬಾರದು, ಹಾಗೆಂದು ಒಣಗಲೂ ಬಾರದು. ಗುಂಡು ಅರ್ಧ ಮಿಲಿಮೀಟರಿನದು, ಅದು ಕೂತಿರುವ ಗುಳಿಯನ್ನು ಅದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ಕೊರೆಯಬೇಕು. ಗಡಿಯಾರ ಮಾಡಲು ಬರುವ ಕೈಗಳಿಗೆ ಮಾತ್ರ ಸಾಧ್ಯವಾಗುವ ಕೆಲಸ. ಒತ್ತದೆ ಬರೆದರೂ ಅಕ್ಷರ ದಟ್ಟವಾಗಿ ಬೀಳುವುದು ರೋಲರ್‌ಬಾಲಿನ ಗುಣ. ಕಾಗದ ಕಳಪೆಯಾದರೆ ಹಿಂಬದಿಗೆ ಇಳಿಯುವುದು ಅದರ ದೋಷ. 1984ರಲ್ಲಿ ಜಪಾನಿನದೇ ಸಕುರಾ ಕಂಪನಿ ಜೆಲ್ ಶಾಯಿಯನ್ನು ತಂದಾಗ ಈ ದೋಷವೂ ಬಹುಪಾಲು ಕಡಿಮೆಯಾಯಿತು.

ಪೈಲಟ್ ಇದಕ್ಕಿಂತ ಹಳೆಯ ಕಂಪನಿ. ಟೋಕಿಯೊದ ವಾಣಿಜ್ಯ ನೌಕಾ ವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದ ರ‍್ಯೋಸುಕೆ ನಾಮಿಕಿ ಎಂಬಾತನಿಗೆ ನಕ್ಷೆಗಳಿಗೆ ಗೆರೆ ಎಳೆಯುವ ಪೆನ್ನನ್ನು ಪದೇ ಪದೇ ಶಾಯಿಯಲ್ಲಿ ಅದ್ದುವುದು ತಲೆನೋವಾಗಿತ್ತು. ಅದನ್ನು ಸರಿಮಾಡಲು ಹೊರಟವನು ಪೆನ್ನು ತಯಾರಕನೇ ಆಗಿಬಿಟ್ಟ. 1918ರಲ್ಲಿ ಗೆಳೆಯ ಮಸಾವೊ ವಾಡನ ಜೊತೆ ಕಂಪನಿ ಶುರುಮಾಡಿದ. ಪೈಲಟ್ ಎಂದರೆ ಇಲ್ಲಿ ವಿಮಾನದವನಲ್ಲ, ಹಡಗನ್ನು ಬಂದರಿನೊಳಗೆ ದಾರಿ ತೋರಿ ತರುವವನು. ಆಗ ಪೆನ್ನಿನ ಒಡಲನ್ನು ಎಬೊನೈಟಿನಲ್ಲಿ, ಅಂದರೆ ಗಟ್ಟಿಮಾಡಿದ ರಬ್ಬರಿನಲ್ಲಿ ಮಾಡುತ್ತಿದ್ದರು. ಅದು ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತಿತ್ತು. ಅದನ್ನು ತಡೆಯಲು ನಾಮಿಕಿ ಮೊರೆಹೋದದ್ದು ತನ್ನ ನಾಡಿನ ಹಳೆಯ ಉರುಶಿ ಮೆರುಗಿಗೆ. ಮೆರುಗಿನ ಮೇಲೆ ಚಿನ್ನದ ಪುಡಿ ಉದುರಿಸಿ ಚಿತ್ರ ಬಿಡಿಸುವ ಮಾಕಿಎ ಕಲೆಯೂ ಅದರ ಹಿಂದೆಯೇ ಪೆನ್ನಿಗೆ ಬಂತು. 1930ರಲ್ಲಿ ಲಂಡನ್ನಿನ ಡನ್‌ಹಿಲ್ ಕಂಪನಿ ಈ ಪೆನ್ನುಗಳನ್ನು ಯುರೋಪಿನ ಸಿರಿವಂತರಿಗೆ ಮಾರುವ ಒಪ್ಪಂದ ಮಾಡಿಕೊಂಡಿತು. ಇಂದು ಹರಾಜುಗಳಲ್ಲಿ ಅತಿ ಹೆಚ್ಚು ಬೆಲೆಗೆ ಹೋಗುವ ಹಳೆಯ ಪೆನ್ನುಗಳಲ್ಲಿ ಆ ಕಾಲದವೂ ಸೇರಿವೆ.

ಲಂಡನ್ನಿನಲ್ಲಿ ಜಪಾನಿನ ಪೆನ್ನು ಶ್ರೀಮಂತರ ಜೇಬು ಸೇರುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ಬಜಾರುಗಳಲ್ಲಿ ‘ಜಪಾನ್ ಮಾಲು’ ಎಂದರೆ ಅಗ್ಗದ್ದು, ಬಾಳಿಕೆ ಬಾರದ್ದು ಎಂದೇ ಅರ್ಥ. ಬಟ್ಟೆ, ಪಿಂಗಾಣಿ ಕಪ್ಪು, ಸೆಲ್ಯುಲಾಯ್ಡ್ ಬೊಂಬೆ, ಬಲ್ಬು ಎಲ್ಲವೂ ಬ್ರಿಟಿಷ್ ಸರಕಿಗಿಂತ ಎಷ್ಟೋ ಕಡಿಮೆ ಬೆಲೆಗೆ ಬರುತ್ತಿದ್ದವು. ಲ್ಯಾಂಕಾಶೈರಿನ ಗಿರಣಿಗಳೂ ಮುಂಬಯಿಯ ಗಿರಣಿಗಳೂ ಒಂದೇ ದನಿಯಲ್ಲಿ ಗೋಳಾಡಿದ ಅಪರೂಪದ ಸಂದರ್ಭ ಅದು. 1933ರಲ್ಲಿ ಭಾರತ ಸರ್ಕಾರ ಬ್ರಿಟಿಷೇತರ ಹತ್ತಿ ಬಟ್ಟೆಯ ಮೇಲಿನ ಸುಂಕವನ್ನು ಶೇ. 75ಕ್ಕೆ ಏರಿಸಿತು. ಜಪಾನಿನ ಗಿರಣಿಗಳು ಭಾರತದ ಹತ್ತಿ ಕೊಳ್ಳುವುದನ್ನೇ ನಿಲ್ಲಿಸಿ ಉತ್ತರ ಕೊಟ್ಟವು. 1934ರಲ್ಲಿ ಇಷ್ಟು ಹತ್ತಿಗೆ ಇಷ್ಟು ಬಟ್ಟೆ ಎಂಬ ರಾಜಿಯಾಯಿತು.

ದಂಡು ಪ್ರದೇಶಕ್ಕೆ ಇಂಥ ಸರಕು ಬರಲು ದಾರಿ ಸಲೀಸಾಗಿತ್ತು. 1864ರಿಂದಲೇ ಮದ್ರಾಸಿನ ಕಡೆಯಿಂದ ರೈಲು ನೇರ ಕಂಟೋನ್ಮೆಂಟಿಗೆ ಬರುತ್ತಿತ್ತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಬ್ಲ್ಯಾಕ್‌ಪಳ್ಳಿ ಎಂದು ಕರೆಯುತ್ತಿದ್ದ ಇಂದಿನ ಶಿವಾಜಿನಗರ, ಅಲ್ಲಿ 1927ರಲ್ಲಿ ಎದ್ದ ರಸೆಲ್ ಮಾರ್ಕೆಟ್, ಕಮರ್ಷಿಯಲ್ ಸ್ಟ್ರೀಟ್, ಹಲಸೂರಿನ ಬಜಾರು ಎಲ್ಲ ಸೈನ್ಯ ಮತ್ತು ಸೈನ್ಯವನ್ನು ನಂಬಿಕೊಂಡವರ ಕೊಳ್ಳುವ ಶಕ್ತಿಯ ಮೇಲೆ ನಿಂತಿದ್ದವು. ತಮಿಳು, ಉರ್ದು, ಇಂಗ್ಲಿಷು, ತೆಲುಗು, ಕನ್ನಡ ಎಲ್ಲವೂ ನಡೆಯುವ ಬೀದಿಗಳು. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿದದ್ದೇ ಆ ಸರಕು ಒಮ್ಮೆಗೇ ನಿಂತಿತು. ಜಪಾನಿನ ವಿರುದ್ಧ ಹಾರುವ ವಿಮಾನಗಳ ದುರಸ್ತಿ ನಮ್ಮ ಎಚ್‌ಎಎಲ್ ಕಾರ್ಖಾನೆಯಲ್ಲೇ ನಡೆಯತೊಡಗಿತು. ನಿನ್ನೆಯವರೆಗೆ ಕಪ್ಪು-ಬಸಿ ಕಳಿಸುತ್ತಿದ್ದ ದೇಶ ಇದ್ದಕ್ಕಿದ್ದಂತೆ ಶತ್ರುವಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಜಪಾನ್ ನಮ್ಮಲ್ಲಿಗೆ ಬೇರೆ ವೇಷದಲ್ಲಿ ಬಂತು. ಈ ಸಲ ಬಂದದ್ದು ತಂತ್ರಜ್ಞಾನ. 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ಆರಂಭಿಸಿತು. 1950ರ ದಶಕದಲ್ಲೇ ಪೈಲಟ್ ಪೆನ್ನುಗಳು ಮದ್ರಾಸಿನಲ್ಲಿ ತಯಾರಾಗತೊಡಗಿದ್ದವು. ವಿದೇಶಿ ವಿನಿಮಯದ ಬಿಕ್ಕಟ್ಟಿನಿಂದಾಗಿ 1957ರ ನಂತರ ಆಮದಿನ ಮೇಲೆ ಬಿಗಿ ಹಿಡಿತ ಬಂತು. ಹೊರಗಿನ ಪೆನ್ನು ಅಂಗಡಿಯಲ್ಲಿ ಸಿಗುವುದು ಅಪರೂಪವಾಯಿತು, ಇಲ್ಲಿಯೇ ಮಾಡಿದ್ದು ಕೈಗೆ ಬಂತು. ‘ಫಾರಿನ್’ ಎಂಬ ಪದಕ್ಕೆ ಸುವಾಸನೆ ಅಂಟಿಕೊಂಡದ್ದು ಈ ಕೊರತೆಯಿಂದಲೇ. ಮದ್ರಾಸಿನ ಬರ್ಮಾ ಬಜಾರಿಗೆ ಹೋದವರು ಕ್ಯಾಲ್ಕುಲೇಟರು, ಸೆಂಟು, ಪೆನ್ನು ತರುವುದು, ಪಕ್ಕದ ಮನೆಯವರು ಅದನ್ನು ಬಂದು ನೋಡಿಕೊಂಡು ಹೋಗುವುದು ಇದ್ದೇ ಇತ್ತು. 1980ರ ದಶಕದಲ್ಲಿ ಲಕ್ಸರ್ ಕಂಪನಿ ಪೈಲಟ್ ಜೊತೆ ಕೈಜೋಡಿಸಿತು. ಹೈಟೆಕ್‌ಪಾಯಿಂಟ್ ಪೆನ್ನು ನಮ್ಮ ಊರಿನ ಬುಕ್ ಸ್ಟಾಲಿಗೂ ಬಂತು. ರೋಲರ್‌ಬಾಲ್ ಎಂಬ ಹೆಸರು ಗೊತ್ತಿಲ್ಲದೆಯೇ ಒಂದಿಡೀ ತಲೆಮಾರು ಅದರಲ್ಲಿ ಬರೆಯಿತು. ಶರ್ಟಿನ ಜೇಬಿನಲ್ಲಿ ಅದು ಇದ್ದರೆ ಆಫೀಸರು, ರೆನಾಲ್ಡ್ಸ್ ಇದ್ದರೆ ಗುಮಾಸ್ತ ಎಂದು ಅಪ್ಪ ನಗುತ್ತಿದ್ದರು.

ಗ್ರಾಹಕ ಸರಕುಗಳ ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧಗಳನ್ನು ಭಾರತ ತೆಗೆದುಹಾಕಿದ್ದು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕದ ಎದುರು ವ್ಯಾಜ್ಯ ಸೋತ ಮೇಲೆ. 2000ದ ಏಪ್ರಿಲ್‌ನಲ್ಲಿ 714 ಬಗೆಯ ಸರಕು, 2001ರ ಏಪ್ರಿಲ್‌ನಲ್ಲಿ ಉಳಿದ 715. ಬೆಲೆಬಾಳುವ ಪೆನ್ನುಗಳನ್ನೇ ಮಾರುವ ವಿಲಿಯಂ ಪೆನ್ ಎಂಬ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾದದ್ದು 2002ರಲ್ಲಿ. ಇಪ್ಪತ್ತು ವರ್ಷ ಕಳೆದು 2022ರಲ್ಲಿ ಅದೇ ಸಂಸ್ಥೆ ಅಮೆರಿಕದ ಹಳೆಯ ಶೇಫರ್ ಬ್ರ್ಯಾಂಡನ್ನೇ ಕೊಂಡಿತು. ಒಂದು ಕಾಲಕ್ಕೆ ಶೇಫರ್ ಪೆನ್ನಿದ್ದವನನ್ನು ತಿರುಗಿ ನೋಡುತ್ತಿದ್ದ ಊರು ಇದು. ಆ ಊರಿನ ವ್ಯಾಪಾರಿಯ ಕೈಗೆ ಆ ಹೆಸರೇ ಬಂದದ್ದನ್ನು ನಮ್ಮ ಆರ್ಥಿಕ ಚರಿತ್ರೆಯಲ್ಲಿ ಒಂದು ಅಡಿಟಿಪ್ಪಣಿಯಾಗಿಯಾದರೂ ಬರೆದುಕೊಳ್ಳಬೇಕು.

ಈ ಹೊಸ ಕಾಲದಲ್ಲಿಯೇ ನಮ್ಮ ಮನೆಗೆ ಆ ಪೆನ್ನು ಬಂದದ್ದು. ಅಪ್ಪ ಹಳೆ ಮದ್ರಾಸು ರಸ್ತೆಯ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದರು. 2005ರಲ್ಲಿ ಜಪಾನಿನಿಂದ ಬಂದ ಇಂಜಿನಿಯರೊಬ್ಬರು ಮೂರು ತಿಂಗಳು ಅವರ ಪಕ್ಕದಲ್ಲಿ ನಿಂತು ಒಂದು ಯಂತ್ರ ಕೂರಿಸಿ, ಹೋಗುವಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟ ಉಡುಗೊರೆ ಅದು. ಅಪ್ಪ ಆ ಭಾನುವಾರ ನನ್ನನ್ನೂ ಕರೆದುಕೊಂಡು ಹಲಸೂರಿಗೆ ಹೋದರು. ನನಗೆ ಎಂಟು ವರ್ಷ. ಹೋದದ್ದು ಪೆನ್ನಿನ ಅಂಗಡಿಗೆ ಅಲ್ಲ, ಪಾತ್ರೆ ಅಂಗಡಿಗೆ.

ಸ್ಟೀಲು ಪಾತ್ರೆ ಕೊಂಡರೆ ಹೆಸರು ಹಾಕಿಸದೆ ಮನೆಗೆ ತರುವ ರೂಢಿ ನಮ್ಮಲ್ಲಿಲ್ಲ. ಮದುವೆಯ ಉಡುಗೊರೆಯಾದರೆ ಕೊಟ್ಟವರ ಹೆಸರು, ತಾರೀಕು. ಮನೆಯದಾದರೆ ಯಜಮಾನನ ಹೆಸರು. ಜಿರ್ರೆಂದು ನಡುಗುವ ಮೊನೆಯ ಮಿಷನ್ ಹಿಡಿದು, ಕಣ್ಣು ಮಿಟುಕಿಸುವುದರೊಳಗೆ ಚುಕ್ಕೆ ಚುಕ್ಕೆಯಾಗಿ ಬರೆದು, ಕೈಯಲ್ಲಿ ಒರೆಸಿ ಕೊಡುವವರು ಪ್ರತಿ ಪಾತ್ರೆ ಅಂಗಡಿಯಲ್ಲೂ ಇರುತ್ತಿದ್ದರು. ಹಲಸೂರಿನ ಆ ಅಂಗಡಿಯವರ ಮನೆಮಾತು ತಮಿಳು. ಪೆನ್ನನ್ನು ನೋಡಿ “ಬೇಡ ಸಾರ್, ಫಾರಿನ್ ಪೆನ್ನು, ಆಮೇಲೆ ನನ್ನ ಕೇಳಬಾರದು” ಎಂದರು. ಅಪ್ಪ “ಏನೂ ಆಗಲ್ಲ, ಹಾಕಿ” ಎಂದರು. ಇಂಗ್ಲಿಷಿನಲ್ಲಿ ಹಾಕಲೇ ಎಂದರೆ ಕನ್ನಡದಲ್ಲಿ ಎಂದರು. ಅಂಗಡಿಯವರು ಉಸಿರು ಬಿಗಿಹಿಡಿದು ಬರೆದುಕೊಟ್ಟರು. ಮನೆಗೆ ಬಂದ ಮೇಲೆ ನೋಡಿದರೆ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು. ಅಮ್ಮ ಬೈದರು. ಅಪ್ಪ ಮಾತ್ರ “ಕರೆಯೋವಾಗ ಯಾರು ಒತ್ತು ಹಾಕಿ ಕರೀತಾರೆ” ಎಂದು ಡಬ್ಬದಲ್ಲಿಟ್ಟು ಬೀರು ಸೇರಿಸಿದರು. ಒಂದು ದಿನವೂ ಅದರಲ್ಲಿ ಬರೆಯಲಿಲ್ಲ. ಒಳಗಿದ್ದ ರೀಫಿಲ್ ಒಣಗಿ ಯಾವ ಕಾಲವಾಯಿತೋ.

ಬರೆಯದೆ ಇಟ್ಟದ್ದೇ ಒಳ್ಳೆಯದಾಯಿತು ಎನ್ನುತ್ತದೆ ಮಾರುಕಟ್ಟೆ. ಪೆನ್ನು ಸಂಗ್ರಹಿಸುವವರ ಲೆಕ್ಕಾಚಾರವನ್ನು ಆ ಇಂದಿರಾನಗರದವರೇ ನನಗೆ ಬಿಡಿಸಿ ಹೇಳಿದರು. ಸಾಫ್ಟ್‌ವೇರ್ ಕೆಲಸ, ವಯಸ್ಸು ನಲವತ್ತರ ಹತ್ತಿರ, ಪೆನ್ನಿನ ಬಗ್ಗೆ ಮಾತಾಡುವಾಗ ಮುಖ ಮಗುವಿನಂತಾಗುತ್ತಿತ್ತು. ಟೋಕಿಯೊಗೆ ಹೋಗಿಬರುವ ಗೆಳೆಯರಿಗೆ ಪಟ್ಟಿ ಕೊಟ್ಟು ಕಳಿಸುತ್ತಾರೆ. ಅವರು ಹೇಳಿದ್ದರಲ್ಲಿ ಮುಖ್ಯವಾದದ್ದು ಇಷ್ಟು. ಒಂದೇ ಮಾದರಿಯ ಶಾಯಿ ಪೆನ್ನಿಗೂ ರೋಲರ್‌ಬಾಲಿಗೂ ಎರಡನೇ ಕೈಯ ಬೆಲೆಯಲ್ಲಿ ದೊಡ್ಡ ಅಂತರವಿದೆ, ರೋಲರ್‌ಬಾಲಿಗೇ ಕಡಿಮೆ. ಶಾಯಿ ಪೆನ್ನಿನಲ್ಲಿ ಚಿನ್ನದ ನಿಬ್ಬಿರುತ್ತದೆ. ನೂರು ವರ್ಷದ ಪೆನ್ನಿಗೂ ಇವತ್ತಿನ ಬಾಟಲಿಯ ಶಾಯಿ ತುಂಬಬಹುದು. ರೋಲರ್‌ಬಾಲಿನ ಜೀವ ರೀಫಿಲ್‌ನಲ್ಲಿದೆ. ಬರೆಯುವ ಗುಂಡು, ಗುಳಿ, ಶಾಯಿ ಮೂರೂ ರೀಫಿಲ್‌ನ ಜೊತೆ ಕಸಕ್ಕೆ ಹೋಗುತ್ತವೆ. ಕಂಪನಿ ಆ ಅಳತೆಯ ರೀಫಿಲ್ ಮಾಡುವುದನ್ನು ನಿಲ್ಲಿಸಿದ ದಿನ ಪೆನ್ನು ಬರೀ ಒಡಲಾಗಿ ಉಳಿಯುತ್ತದೆ. ಹಾಗಾಗಿ ರೋಲರ್‌ಬಾಲ್ ಕೊಳ್ಳುವವನು ಆ ಒಡಲಿಗೇ ಬೆಲೆ ಕಟ್ಟುತ್ತಾನೆ. ಅರಗು, ಚಿತ್ರ, ಎಷ್ಟರಲ್ಲಿ ಎಷ್ಟನೆಯದು ಎಂಬ ಸಂಖ್ಯೆ, ಡಬ್ಬ, ಚೀಟಿ. ಬರೆಯುವುದು ಕೊನೆಯ ಗುಣ. ಕೆಲವರಿಗೆ ಅದೂ ದೋಷವೇ, ಯಾಕೆಂದರೆ ಬರೆದರೆ ಅದು ‘ಯೂಸ್ಡ್’.

ಆ ಒಡಲಿನ ಹಿಂದೆ ಇರುವ ಶ್ರಮವನ್ನು ನಾನು ಅಲ್ಲಗಳೆಯುವುದಿಲ್ಲ. ಉರುಶಿ ಒಂದು ಮರದ ಹಾಲು. ಹತ್ತಾರು ವರ್ಷ ಬೆಳೆದ ಮರದ ತೊಗಟೆಗೆ ಗೀರು ಹಾಕಿ ತೊಟ್ಟು ತೊಟ್ಟಾಗಿ ಇಳಿಸಿದರೆ ಒಂದು ಮರ ಸುಮಾರು 200 ಗ್ರಾಂ ಕೊಡುತ್ತದೆ. ಅದು ನಮ್ಮ ಬಣ್ಣಗಳಂತೆ ಬಿಸಿಲಿಗೆ ಒಣಗುವುದಲ್ಲ, ತೇವದ ಗಾಳಿಯಲ್ಲಿ ಗಟ್ಟಿಯಾಗುತ್ತದೆ. ಒಂದು ಪದರ ಹಚ್ಚಿ, ಕಾಯ್ದು, ಉಜ್ಜಿ, ಮತ್ತೊಂದು ಪದರ. ಒಳ್ಳೆಯ ಮಾಕಿಎ ಪೆನ್ನಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಮ್ಮ ಚನ್ನಪಟ್ಟಣದ ಅರಗಿನದು ಬೇರೆ ಕುಲ. ಅದು ಕೀಟ ಕೊಡುವ ಅರಗು. ತಿರುಗುವ ಹಾಲೆ ಮರದ ತುಂಡಿಗೆ ಒತ್ತಿ ಹಿಡಿದರೆ ಉಜ್ಜಿದ ಕಾವಿಗೇ ಕರಗಿ ಕೂರುತ್ತದೆ, ಕೆಲವೇ ನಿಮಿಷದ ಕೆಲಸ. ಆದರೂ ಜಪಾನಿನ ಗೊಂಬೆ ಮಾಡುವ ತಂತ್ರವನ್ನು ಚನ್ನಪಟ್ಟಣಕ್ಕೆ ತಂದವರೆಂದು ಬಾವಾಸ್ ಮಿಯಾನ್ ಹೆಸರನ್ನು ಅಲ್ಲಿ ಇಂದೂ ಹೇಳುತ್ತಾರೆ. ಎರಡು ಅರಗುಗಳು ಒಂದನ್ನೊಂದು ಬಲ್ಲವು.

ಉರುಶಿಯ ನಿಜವಾದ ನೆಂಟರು ನಮ್ಮಲ್ಲಿ ಇನ್ನೊಂದು ಕಡೆ ಇದ್ದಾರೆ. ಆ ಮರ ಮಾವು, ಗೇರು, ಕರಿಗೇರುಗಳ ಕುಟುಂಬಕ್ಕೆ ಸೇರಿದ್ದು. ಹಸಿ ಉರುಶಿ ತಾಗಿದರೆ ಗೇರಿನ ಸೊನೆ ತಾಗಿದಂತೆಯೇ ಚರ್ಮ ಬೊಬ್ಬೆ ಏಳುತ್ತದೆ. ಕರಿಗೇರಿನ ಬೀಜದ ರಸವನ್ನು ನಮ್ಮ ಮಡಿವಾಳರು ಯಾವುದಕ್ಕೆ ಬಳಸುತ್ತಿದ್ದರು ಎಂಬುದು ಹಳಬರಿಗೆ ಗೊತ್ತು. ಯಾವ ಬಟ್ಟೆ ಯಾರ ಮನೆಯದು ಎಂದು ಅಳಿಸದಂತೆ ಗುರುತು ಹಾಕಲು. ಒಂದೇ ಕುಟುಂಬದ ಎರಡು ಮರ. ಅಲ್ಲಿ ಅದು ಒಂದು ಗೀರೂ ಇಲ್ಲದ ಮೆರುಗಾಯಿತು, ಇಲ್ಲಿ ಒಡೆಯನ ಗುರುತಾಯಿತು. ಅಪ್ಪನ ಪೆನ್ನಿನ ಜಗಳವೂ ಇದೇ ಎಂದು ನನಗೆ ಅನ್ನಿಸಿತು.

ಎಚ್‌ಎಂಟಿ ಗಡಿಯಾರಗಳ ಕಥೆಯಲ್ಲಿಯೂ ಇದೇ ಆಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಅಜ್ಜಂದಿರ ಕೈಯಲ್ಲಿ ಸವೆದ ‘ಜನತಾ’, ‘ಪೈಲಟ್’, ‘ಕಾಂಚನ್’ಗಳಿಗೆ ಆ ಸುದ್ದಿಯ ಹಿಂದೆಯೇ ಗಿರಾಕಿಗಳು ಹುಟ್ಟಿಕೊಂಡರು. ಗುಜರಿಯಲ್ಲಿ ಸಿಕ್ಕ ಗಡಿಯಾರಗಳ ಒಳಗನ್ನು ಒರೆಸಿ, ಮಾಸಿದ ಮುಖಕ್ಕೆ ಹೊಸ ಬಣ್ಣ ಅಚ್ಚು ಹಾಕಿ, ಹಿಂಬದಿಯಲ್ಲಿ ಕೆತ್ತಿದ್ದ ‘25 ವರ್ಷದ ಸೇವೆಗಾಗಿ’ ಎಂಬಂಥ ಸಾಲನ್ನು ಉಜ್ಜಿ ತೆಗೆದು ಮಾರುವವರು ಬಂದರು. ತಿಳಿದವರು ಅಂಥದ್ದನ್ನು ಕೊಳ್ಳುವುದಿಲ್ಲ ನಿಜ. ಆದರೆ ತಿಳಿದವರಿಗಿಂತ ಹೊಳಪು ನೋಡಿ ಕೊಳ್ಳುವವರೇ ಎಲ್ಲ ಮಾರುಕಟ್ಟೆಯಲ್ಲೂ ಹೆಚ್ಚು.

ಇಂದಿರಾನಗರದ ಪಕ್ಕದಲ್ಲೇ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನವಿದೆ. ಅದರ ಗೋಡೆ ಕಂಬಗಳಲ್ಲಿ ತಮಿಳು ಶಾಸನಗಳಿವೆ. ಯಾರೋ ದಾನ ಕೊಟ್ಟರು, ಯಾರೋ ಬರೆಸಿದರು. ಬರೆಯದ ಕಂಬ ಬರೀ ಕಂಬ, ಬರೆದ ಕಂಬ ಚರಿತ್ರೆ. ಅಕ್ಷರ ತಪ್ಪಿದ್ದರೆ ನಮಗೆ ಇನ್ನೂ ಸಂತೋಷ. ಕೆತ್ತಿದವನ ಮನೆಮಾತು ಯಾವುದಿತ್ತು, ಜನ ಆ ಹೆಸರನ್ನು ಹೇಗೆ ಉಚ್ಚರಿಸುತ್ತಿದ್ದರು ಎಂದು ಆ ತಪ್ಪಿನಿಂದಲೇ ಊಹಿಸುತ್ತೇವೆ. ಕಲ್ಲಿನಲ್ಲಿ ಒಂದು ಒತ್ತು ಬಿಟ್ಟುಹೋದರೆ ಅದರ ಮೇಲೊಂದು ಪ್ರಬಂಧ. ಪೆನ್ನಿನಲ್ಲಿ ಬಿಟ್ಟುಹೋದರೆ ಒಂಬತ್ತು ಸಾವಿರ ನಷ್ಟ. ಜಪಾನಿನಲ್ಲಿ ಮಾಡಿದ್ದು, ಹಳೆ ಮದ್ರಾಸು ರಸ್ತೆಯ ಕಾರ್ಖಾನೆಯಲ್ಲಿ ಕೊಟ್ಟದ್ದು, ಹಲಸೂರಿನ ತಮಿಳರೊಬ್ಬರು ಪಾತ್ರೆಯ ಮಿಷನ್ನಿನಲ್ಲಿ ಕನ್ನಡದಲ್ಲಿ ಬರೆದದ್ದು. ನಾನು ಐದು ವರ್ಷದಿಂದ ಹುಡುಕುತ್ತಿರುವ ದಂಡು ಪ್ರದೇಶದ ಚರಿತ್ರೆ ಒಂದು ಬೆರಳಗಲದ ಪಟ್ಟಿಯ ಮೇಲಿತ್ತು.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು.

“ನಿಮ್ಮಪ್ಪ ಅದರಲ್ಲಿ ಒಂದು ಸಾಲೂ ಬರೀಲಿಲ್ಲ ಕಣೇ. ಹೆಸರು ಬೇಕಂದ್ರೆ ಅಕ್ಕಿ ಡಬ್ಬದ ಮೇಲಿದೆ, ನೀರಿನ ಕೊಳದಪ್ಪಲೆ ಮೇಲಿದೆ. ಬಾಡಿಗೆ ಯಾರು ಕಟ್ತಾರೆ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವಸ್ತುಗಳನ್ನು ಕಾಪಾಡಿಕೊಳ್ಳಿ ಎಂದು ಲೇಖನ ಬರೆಯುವುದು ಸುಲಭ. ಕಾಪಾಡಿಕೊಳ್ಳಲು ಜಾಗ ಬೇಕು, ಬಾಡಿಗೆ ಬೇಕು. ಬಜಾರಿನ ಚರಿತ್ರೆಯಲ್ಲಿ ವಸ್ತುಗಳು ಕೈ ಬದಲಾಯಿಸಿದ್ದೆಲ್ಲ ಆಸೆಯಿಂದಲೇ ಅಲ್ಲ, ಬಹಳಷ್ಟು ಸಲ ಹೀಗೆ ತಿಂಗಳ ಕೊನೆಯಲ್ಲಿ.

ಆ ರಾತ್ರಿ ಒಂದು ಕೆಲಸ ಮಾಡಿದೆ. ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದ್ದೆ. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು, ಮೇಲೆ ಶಾಯಿ ಹಚ್ಚುತ್ತಾರೆ. ಪೆನ್ನಿಗೆ ಅಷ್ಟು ಬೇಡ. ತೆಳು ಕಾಗದವನ್ನು ಮುಚ್ಚಳಕ್ಕೆ ಸುತ್ತಿ, ಪೆನ್ಸಿಲಿನ ಓರೆಯಲ್ಲಿ ಮೆಲ್ಲಗೆ ಉಜ್ಜಿದೆ. ಬೂದು ಬಣ್ಣದ ನಡುವೆ ಬಿಳಿ ಚುಕ್ಕೆಗಳಲ್ಲಿ ಅಪ್ಪನ ಹೆಸರು ಎದ್ದು ಬಂತು, ಒತ್ತಿಲ್ಲದೆ. ಕೆಳಗೆ ಅಳತೆ, ತೂಕ, ಬಣ್ಣ, ಕ್ಲಿಪ್ಪಿನ ಬುಡದಲ್ಲಿದ್ದ ಎಳ್ಳುಕಾಳಿನಷ್ಟು ಕಪ್ಪು ಕಲೆ, ಯಾರು ಕೊಟ್ಟದ್ದು, ಎಲ್ಲಿ ಕೆತ್ತಿಸಿದ್ದು ಎಲ್ಲ ಬರೆದೆ. ಮರುದಿನ ಫೋನ್ ಮಾಡಿದೆ.

ಕೊಡುವಾಗ ಒಂದು ಮಾತು ಕೇಳಿದೆ. “ಹೆಸರು ಹಾಗೇ ಇರಲಿ ಅಂದರೆ ಇಟ್ಟುಕೊಳ್ಳುತ್ತೀರಾ?”

ಅವರು ಸುಳ್ಳು ಹೇಳಲಿಲ್ಲ. “ನನ್ನ ಹತ್ತಿರ ಇರುವವರೆಗೆ ಇರುತ್ತೆ ಮೇಡಂ. ಮಾರಿದ ಮೇಲೆ ನನ್ನ ಕೈಲಿಲ್ಲ. ಪಾಲಿಶ್ ಮಾಡಿ ಮತ್ತೆ ಗಿಲೀಟು ಹಾಕಿಸಿದರೆ ಗೊತ್ತೇ ಆಗಲ್ಲ. ಶಿವಾಜಿನಗರದ ಕಡೆ ಮಾಡಿಕೊಡುವವರಿದ್ದಾರೆ.” ಒಂಬತ್ತಕ್ಕೆ ಇನ್ನೊಂದು ಸಾವಿರ ಸೇರಿಸಿ ಕೊಟ್ಟರು. ಬೇಡ ಎನ್ನಲಿಲ್ಲ.

ಹಣ ಕೈಗೆ ಬಂದ ಮೇಲೆ ಹಲಸೂರಿಗೆ ಹೋಗಿ ಆ ಪಾತ್ರೆ ಅಂಗಡಿಯನ್ನು ಹುಡುಕಿದೆ. ಆ ಜಾಗದಲ್ಲಿ ಮೊಬೈಲ್ ಅಂಗಡಿಯಿತ್ತು. ಬೀದಿಯ ಇನ್ನೊಂದು ಪಾತ್ರೆ ಅಂಗಡಿಯಲ್ಲಿ ಕೇಳಿದರೆ, ಹೆಸರು ಹಾಕುವ ಮಿಷನ್ ಅವರಲ್ಲಿ ಇನ್ನೂ ಇದೆ, ಆದರೆ ಕೇಳುವವರು ಕಡಿಮೆ ಎಂದರು. “ಈಗೆಲ್ಲ ಪಾತ್ರೆ ಬದಲಾಯಿಸೋರೇ ಜಾಸ್ತಿ. ಹೆಸರಿದ್ದರೆ ಎಕ್ಸ್‌ಚೇಂಜಲ್ಲಿ ತಗೊಳ್ಳಲ್ಲ ಅಂತ ಭಯ.” ಪೆನ್ನಿನ ಮಾರುಕಟ್ಟೆಯ ಪಾಠವನ್ನು ಪಾತ್ರೆಯ ಮಾರುಕಟ್ಟೆಯೂ ಕಲಿತಿತ್ತು. ವಸ್ತುವನ್ನು ಕೊಳ್ಳುವ ದಿನವೇ ಅದನ್ನು ಮಾರುವ ದಿನದ ಯೋಚನೆ ಶುರುವಾದರೆ ಅದರ ಮೇಲೆ ಯಾರೂ ಹೆಸರು ಬರೆಸುವುದಿಲ್ಲ.

ಎರಡು ತಿಂಗಳ ನಂತರ ಫೆಲೋಶಿಪ್ ಬಂತು. ಅದಾದ ವಾರದಲ್ಲಿ ಒಂದು ಸಂಜೆ ಮೊಬೈಲಿನಲ್ಲಿ, ಮಾರಾಟಕ್ಕಿಟ್ಟ ಪೆನ್ನುಗಳ ಚಿತ್ರಗಳನ್ನು ನೋಡುತ್ತಿದ್ದೆ. ಕಪ್ಪು ಅರಗಿನ ಒಡಲು, ಚಿನ್ನದ ಪಟ್ಟಿಯ ಒಂದು ಪೈಲಟ್ ರೋಲರ್‌ಬಾಲ್ ಕಂಡಿತು. ಡಬ್ಬ, ಚೀಟಿ ಸಮೇತ. ಬಳಸಿಲ್ಲ, ಹೆಸರಿಲ್ಲ, ಹೊಸದರಂತಿದೆ ಎಂದು ಬರೆದಿತ್ತು. ಹತ್ತೊಂಬತ್ತು ಸಾವಿರ. ಪಟ್ಟಿ ಮಿರಮಿರ ಹೊಳೆಯುತ್ತಿತ್ತು. ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಕ್ಲಿಪ್ಪಿನ ಬುಡದಲ್ಲಿರುವುದು ಕಲೆಯೋ ನೆರಳೋ ತಿಳಿಯಲಿಲ್ಲ. ಮಾರುತ್ತಿದ್ದವರು ಬೇರೆ ಯಾರೋ. ಅಂಥ ಪೆನ್ನುಗಳು ನೂರಾರು ಇರಬಹುದು. ಅದೇ ಎಂದು ಪ್ರಮಾಣ ಮಾಡಿ ಹೇಳಲಾರೆ.

ಪೆನ್ಸಿಲಿನಲ್ಲಿ ತೆಗೆದ ಪಡಿಯಚ್ಚು ನನ್ನ ಟಿಪ್ಪಣಿಗಳ ಕಡತದಲ್ಲಿದೆ. ಅದರ ಕೆಳಗೆ ಆ ದಿನದ ತಾರೀಕು ಹಾಕಿ ಒಂದು ಸಾಲು ಸೇರಿಸಿದೆ: ಮಾರಾಟಕ್ಕೆ ಕಂಡಿತು, ಹೆಸರಿಲ್ಲದೆ.